ಅಮೆರಿಕದ ಸ್ಕೂಲ್ ಬಸ್ಸು, ವಿಕಲಚೇತನ ಮಕ್ಕಳು: ನಿಯಮ ಶುರುವಾಗುವುದು ಎಲ್ಲಿಂದ?

ಈ ವಿಷಯವನ್ನು ಪರೀಕ್ಷೆಗೆ ಓದುವಾಗ ಹೆಚ್ಚಿನವರು ಮೊದಲು ಲಿಫ್ಟು, ಬೆಲ್ಟು, ಕೊಕ್ಕೆಗಳನ್ನು ಬಾಯಿಪಾಠ ಮಾಡುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ ಕ್ರಮ. ಅಮೆರಿಕದಲ್ಲಿ ನಿಯಮ ಶುರುವಾಗುವುದು ಮಗುವಿನ ಫೈಲಿನಿಂದ. ಬಸ್ಸಿನ ಸರದಿ ಆಮೇಲೆ.

ಮೂಲ ಕಾಯ್ದೆ 1975ರದ್ದು. 1990ರಲ್ಲಿ ಅದಕ್ಕೆ ಐಡಿಇಎ (ವಿಕಲಚೇತನರ ಶಿಕ್ಷಣ ಕಾಯ್ದೆ) ಎಂಬ ಹೆಸರು ಬಂತು. ವಿಕಲಚೇತನ ಮಕ್ಕಳಿಗೆ ತಕ್ಕ ಶಿಕ್ಷಣವನ್ನು ಉಚಿತವಾಗಿ ಕೊಡಬೇಕು ಎನ್ನುವುದು ಇದರ ತಿರುಳು. ಆ ಶಿಕ್ಷಣ ಮಗುವಿಗೆ ದಕ್ಕಬೇಕಾದರೆ ಜೊತೆಗೆ ಬೇಕಾಗುವ ಸೇವೆಗಳ ಪಟ್ಟಿಯಲ್ಲಿ ಸಾರಿಗೆಯೂ ಇದೆ. ಸಾರಿಗೆ ಅಂದರೆ ಮನೆಯಿಂದ ಶಾಲೆಗೆ ಹೋಗಿ ಬರುವುದಷ್ಟೇ ಅಲ್ಲ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವುದು, ಶಾಲಾ ಕಟ್ಟಡದೊಳಗಿನ ಓಡಾಟ, ಬೇಕಿದ್ದರೆ ಲಿಫ್ಟ್, ರ‍್ಯಾಂಪ್, ಮಾರ್ಪಡಿಸಿದ ಬಸ್ಸು, ಎಲ್ಲವೂ ಸೇರುತ್ತದೆ. ಉತ್ತರ ಬರೆಯುವಾಗ ಕಟ್ಟಡದೊಳಗಿನ ಓಡಾಟವನ್ನು ಮರೆಯಬೇಡಿ.

ಯಾವ ಮಗುವಿಗೆ ಏನು ಬೇಕು ಎಂದು ತೀರ್ಮಾನಿಸುವುದು ಐಇಪಿ ತಂಡ. ಐಇಪಿ ಅಂದರೆ ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ, ನಾನು ಮೊದಲು ಹೇಳಿದ ಫೈಲು ಇದೇ. ತಂಡದಲ್ಲಿ ಪೋಷಕರು, ಶಿಕ್ಷಕರು, ಶಾಲಾ ಜಿಲ್ಲೆಯ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಪ್ರತಿನಿಧಿ ಇರುತ್ತಾರೆ. ಐಇಪಿ ಇದೆ ಅಂದಮಾತ್ರಕ್ಕೆ ಬೇರೆ ಬಸ್ಸು ಬರುವುದಿಲ್ಲ. ಓದಲು ತೊಡಕಿರುವ ಮಗು ಎಲ್ಲರ ಜೊತೆ ಮಾಮೂಲಿ ಬಸ್ಸಿನಲ್ಲಿ ಹೋಗಬಲ್ಲದು ಅಂದರೆ ಅದರಲ್ಲೇ ಹೋಗಬೇಕು. ಸುಮ್ನೆ ಬೇರ್ಪಡಿಸುವಂತಿಲ್ಲ. ಅದೇ, ಮೂರ್ಛೆ ಬರುವ ಮಗುವಿನ ಜೊತೆ ಬಸ್ಸಿನಲ್ಲಿ ಸಹಾಯಕರು ಬೇಕು ಎಂದು ತಂಡ ಬರೆದರೆ ಶಾಲಾ ಜಿಲ್ಲೆ ಕೊಡಲೇಬೇಕು, ಪೋಷಕರಿಂದ ದುಡ್ಡು ಕೇಳುವಂತಿಲ್ಲ. ಐಇಪಿಯನ್ನು ಜಾರಿಗೆ ತರುವ ಜವಾಬ್ದಾರಿ ಹೊತ್ತವರಿಗೆ ಅವರವರ ಪಾಲಿನ ಕೆಲಸ ಏನೆಂದು ತಿಳಿಸಿರಬೇಕು ಎಂಬ ನಿಯಮವೂ ಇದೆ. ಬಸ್ ಚಾಲಕರೂ ಇದರಲ್ಲಿ ಬರುತ್ತಾರೆ.

ಇನ್ನು ಬಸ್ಸಿನಿಂದ ಅಮಾನತು. ಜಾಸ್ತಿ ಗೊಂದಲ ಇರುವುದು ಇಲ್ಲೇ. ಒಬ್ಬ ಹುಡುಗ ಬಸ್ಸಿನಲ್ಲಿ ಗಲಾಟೆ ಮಾಡಿದ, ‘ಮೂರು ವಾರ ಬಸ್ಸು ಹತ್ತುವಂತಿಲ್ಲ’ ಎಂದು ಶಾಲೆ ಹೇಳಿತು ಅಂದುಕೊಳ್ಳಿ. ಐಇಪಿಯಲ್ಲಿ ಸಾರಿಗೆ ಇದ್ದು, ಶಾಲೆ ಬದಲಿ ವ್ಯವಸ್ಥೆ ಮಾಡದಿದ್ದರೆ, ಆ ದಿನಗಳು ಶಾಲೆಯಿಂದಲೇ ಅಮಾನತಾದ ದಿನಗಳ ಲೆಕ್ಕಕ್ಕೆ ಹೋಗುತ್ತವೆ. ಸತತ 10 ಶಾಲಾ ದಿನ ದಾಟುವ ಶಿಕ್ಷೆಯಾದರೆ, ಆ ವರ್ತನೆಗೂ ಅವನ ವೈಕಲ್ಯಕ್ಕೂ ನಂಟಿದೆಯೇ ಎಂದು ಪರಿಶೀಲಿಸಬೇಕು. ಐಇಪಿಯಲ್ಲಿ ಸಾರಿಗೆ ಇಲ್ಲದಿದ್ದರೆ ಸಾಮಾನ್ಯವಾಗಿ ಈ ಲೆಕ್ಕವೇ ಬರುವುದಿಲ್ಲ. ಫೈಲಿನ ಒಂದು ಸಾಲಿನ ಮೇಲೆ ಇಷ್ಟೆಲ್ಲ ನಿಂತಿದೆ, ವಿಚಿತ್ರ ಅಲ್ವಾ? ಪೋಷಕರು ಆ ಸಾಲಿಗಾಗಿ ಪಟ್ಟು ಹಿಡಿಯುವುದು ಇದಕ್ಕೇ.

ಈಗ ಬಸ್ಸು. ಕೇಂದ್ರ ಸರ್ಕಾರದ ವಾಹನ ಸುರಕ್ಷತಾ ಮಾನದಂಡ 222 ಪ್ರತಿ ಬಸ್ಸಿನಲ್ಲೂ ವೀಲ್‌ಚೇರ್ ಜಾಗ ಇರಲೇಬೇಕು ಎನ್ನುವುದಿಲ್ಲ. ಇದ್ದರೆ ಹೇಗಿರಬೇಕು ಎಂದಷ್ಟೇ ಹೇಳುತ್ತದೆ. 1994ರಿಂದ ತಯಾರಾದ ಬಸ್ಸುಗಳಲ್ಲಿ ವೀಲ್‌ಚೇರ್ ಮುಂದಕ್ಕೆ ಮುಖ ಮಾಡಿಯೇ ನಿಲ್ಲಬೇಕು, ಅಡ್ಡಲಾಗಿ ಅಲ್ಲ. ವೀಲ್‌ಚೇರನ್ನು ಬಸ್ಸಿಗೆ ಬಿಗಿಯಲು ನಾಲ್ಕು ಪಟ್ಟಿ, ಮುಂದೆ ಎರಡು, ಹಿಂದೆ ಎರಡು. ಪಟ್ಟಿಯ ಕೊಕ್ಕೆ ಸಿಕ್ಕಿಸುವುದು ವೀಲ್‌ಚೇರಿನ ಗಟ್ಟಿ ಚೌಕಟ್ಟಿಗೆ. ಚಕ್ರಕ್ಕೋ ಕಳಚಿ ಬರುವ ಕೈಯಾಸರೆಗೋ ಸಿಕ್ಕಿಸಿದರೆ ಜೋರಾಗಿ ಬ್ರೇಕ್ ಹಾಕಿದಾಗ ಅದೇ ಕಿತ್ತು ಬರಬಹುದು.

ಮಗುವಿನ ಬೆಲ್ಟ್ ಬೇರೆಯೇ. ಅದರ ಕೆಳಭಾಗ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಮೇಲ್ಭಾಗ ಭುಜ ದಾಟಿ ಎದೆಯ ಮೇಲೆ ಬರಬೇಕು. ವೀಲ್‌ಚೇರಿನಲ್ಲೇ ಒಂದು ಬೆಲ್ಟ್ ಇದೆಯಲ್ಲ ಅಂತ ಬಿಟ್ಟುಬಿಡುವಂತಿಲ್ಲ. ಅದು ಸಾಮಾನ್ಯವಾಗಿ ಮಗು ನೆಟ್ಟಗೆ ಕೂರಲಿ ಎಂದು ಹಾಕಿದ್ದು, ಅಪಘಾತದ ಹೊಡೆತ ತಡೆಯಲು ಮಾಡಿದ್ದಲ್ಲ.

ಲಿಫ್ಟಿಗೆ 403, 404 ಎಂಬ ಬೇರೆ ಮಾನದಂಡಗಳಿವೆ. ತುರ್ತು ಬಾಗಿಲಿಗೆ ಅಡ್ಡವಾಗಿ ವೀಲ್‌ಚೇರ್ ನಿಲ್ಲುವಂತಿಲ್ಲ ಎನ್ನುವುದು ಮಾನದಂಡ 217ರಲ್ಲಿದೆ. ತುರ್ತು ಸಮಯದಲ್ಲಿ ಮಕ್ಕಳನ್ನು ಬಸ್ಸಿನಿಂದ ಇಳಿಸುವ ಅಣಕು ತಾಲೀಮು ಪ್ರತಿ ಸೆಮಿಸ್ಟರಿಗೆ ಒಮ್ಮೆಯಾದರೂ ಆಗಲಿ ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿ 17 ಹೇಳುತ್ತದೆ. ಇದು ಮಾರ್ಗಸೂಚಿ, ಕಾನೂನಲ್ಲ. ವೀಲ್‌ಚೇರಿನ ಮಗುವನ್ನು ಯಾರು ಎತ್ತಬೇಕು, ಪಟ್ಟಿ ಬಿಚ್ಚಲಾಗದಿದ್ದರೆ ಕತ್ತರಿಸುವ ಸಾಧನ ಎಲ್ಲಿದೆ ಎಂಬುದು ಹೊಗೆ ತುಂಬುವ ಮೊದಲೇ ಗೊತ್ತಿರಬೇಕು.