'ಗಿವ್ ಮಿ' ಸರಿ, 'ಎಕ್ಸ್‌ಪ್ಲೇನ್ ಮಿ' ಯಾಕೆ ತಪ್ಪು?

ಕಂಪನಿಗಳಲ್ಲಿ ಇಂಗ್ಲಿಷ್ ಬರವಣಿಗೆ ಕಲಿಸುವುದು ನನ್ನ ಕೆಲಸ. ಮೇಲ್‌ಗಳನ್ನು ತಿದ್ದುವಾಗ ಪದೇಪದೇ ಕಣ್ಣಿಗೆ ಬೀಳುವ ವಾಕ್ಯಗಳು ಎರಡು: 'ಪ್ಲೀಸ್ ಎಕ್ಸ್‌ಪ್ಲೇನ್ ಮಿ ದ ಪ್ರಾಸೆಸ್', 'ಸಜೆಸ್ಟ್ ಮಿ ಎ ಗುಡ್ ಹೋಟೆಲ್'. ಕೆಂಪು ಗೆರೆ ಎಳೆದ ಕೂಡಲೇ ಪ್ರಶ್ನೆ ಬರುತ್ತದೆ. 'ಗಿವ್ ಮಿ' ಅಂತೀವಿ, 'ಟೆಲ್ ಮಿ' ಅಂತೀವಿ, ಇದರಲ್ಲೇನು ತಪ್ಪು ಮೇಡಂ? ನ್ಯಾಯವಾದ ಪ್ರಶ್ನೆ. 'ಅದು ಹಾಗೇ, ಬಾಯಿಪಾಠ ಮಾಡಿ' ಅನ್ನುವುದು ಉತ್ತರ ಅಲ್ಲ.

ಕೊಡುವುದು ಅಂದರೆ ಮೂರು ಜನ ಬೇಕು, ಇಲ್ಲವೇ ಇಬ್ಬರು ಮತ್ತೊಂದು ವಸ್ತು. ಕೊಟ್ಟವರು ಯಾರು, ಏನನ್ನು ಕೊಟ್ಟರು, ಯಾರಿಗೆ ಕೊಟ್ಟರು. ಕನ್ನಡದಲ್ಲಿ ಈ ಕೊನೆಯದನ್ನು 'ಗೆ' ನೋಡಿಕೊಳ್ಳುತ್ತದೆ. 'ಅವಳಿಗೆ ಕೀ ಕೊಟ್ಟೆ' ಅಂದರೂ ಸರಿ, 'ಕೀ ಅವಳಿಗೆ ಕೊಟ್ಟೆ' ಅಂದರೂ ಸರಿ. ಪದ ಎಲ್ಲಿ ಕೂತರೂ ಯಾರಿಗೆ ಸಿಕ್ಕಿತು ಅನ್ನುವುದರಲ್ಲಿ ಗೊಂದಲ ಇಲ್ಲ.

ಹಳೆಯ ಇಂಗ್ಲಿಷಿನಲ್ಲೂ ಇಂಥ ಪ್ರತ್ಯಯಗಳಿದ್ದವು. ರಾಜ ಅಂದರೆ 'ಕ್ಯುನಿಂಗ್', ರಾಜನಿಗೆ ಅಂದರೆ 'ಕ್ಯುನಿಂಗೆ'. ನಮ್ಮ 'ಗೆ' ನೆನಪಾಯಿತು, ಅಲ್ವಾ? ಅದು ಕಾಕತಾಳೀಯ ಅಷ್ಟೇ, ನೆಂಟಸ್ತಿಕೆ ಏನೂ ಇಲ್ಲ. ಅಲ್ಲಿ ಪ್ರತ್ಯಯ ಬರೀ 'ಎ'. ಕಾಲ ಕಳೆದಂತೆ ಈ ಪ್ರತ್ಯಯಗಳು ಸವೆದುಹೋದವು. ಅಳಿದುಳಿದದ್ದು 'ಹಿಮ್' ಥರದ ಒಂದೆರಡು ಪದಗಳಲ್ಲಿ. 'ಹಿಮ್' ಮೊದಲು 'ಅವನಿಗೆ' ಎಂಬ ರೂಪವೇ ಆಗಿತ್ತು. ಪ್ರತ್ಯಯ ಹೋದ ಮೇಲೆ ಯಾರಿಗೆ ಎಂದು ತಿಳಿಸಲು ಎರಡು ದಾರಿ ಉಳಿದವು. ಒಂದು, ಪಡೆಯುವವರನ್ನು ಕ್ರಿಯಾಪದದ ಪಕ್ಕಕ್ಕೇ ಕೂರಿಸುವುದು: 'ಐ ಗೇವ್ ಹರ್ ದ ಕೀ'. ಇನ್ನೊಂದು, 'ಟು' ಹಚ್ಚಿ ಹಿಂದಕ್ಕೆ ಕಳಿಸುವುದು: 'ಐ ಗೇವ್ ದ ಕೀ ಟು ಹರ್'.

ಮೊದಲ ದಾರಿಯಲ್ಲಿ ಎಲ್ಲ ಕ್ರಿಯಾಪದಗಳಿಗೂ ಪ್ರವೇಶ ಇಲ್ಲ. ಗಿವ್, ಸೆಂಡ್, ಟೆಲ್, ಶೋ, ಲೆಂಡ್, ಟೀಚ್ ಎಲ್ಲ ಇಂಗ್ಲಿಷಿನ ಹಳೆಯ ಮನೆಮಂದಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳು ಶತಮಾನಗಳ ಕಾಲ ಹರಿದು ಬಂದವು. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್, ಅನೌನ್ಸ್, ಕಾಂಟ್ರಿಬ್ಯೂಟ್ ಈ ಕಡೆಯವು. ಇವುಗಳಲ್ಲಿ ಹೆಚ್ಚಿನವು 'ಟು' ಬಿಟ್ಟು ಕದಲುವುದಿಲ್ಲ. ಆದರೆ ಇಂಗ್ಲಿಷ್ ಮಾತಾಡುವವರು ಪದದ ವಂಶಾವಳಿ ನೋಡಿ ಬಾಯಿ ತೆರೆಯುವುದಿಲ್ಲ. ಅವರ ಕಿವಿಗೆ ಸಿಗುವ ಸುಳಿವು ಬೇರೆ. ಒಂದೇ ಉಸಿರಿನ ಚಿಕ್ಕ ಪದ, ಇಲ್ಲವೇ ಮೊದಲ ಭಾಗಕ್ಕೆ ಒತ್ತು ಬೀಳುವ ಪದ ಆದರೆ ಒಳಗೆ ಬಿಡುತ್ತಾರೆ. ಹಾಗಾಗಿಯೇ ಆಫರ್, ಪ್ರಾಮಿಸ್ ಹೊರಗಿನವಾದರೂ ಒಳಗೆ ಸೇರಿಕೊಂಡಿವೆ: 'ದೆ ಆಫರ್ಡ್ ಮಿ ಎ ಜಾಬ್'. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್ ಜೋರಾಗಿ ಹೇಳಿ ನೋಡಿ. ಒತ್ತು ಬೀಳುವುದು ಎರಡನೆಯ ಭಾಗಕ್ಕೆ. ಅಸೈನ್ ಥರದ ಅಪವಾದಗಳಿವೆ, ನಿಜ. ಆದರೂ ಈ ಒತ್ತಿನ ಪರೀಕ್ಷೆ ಉದ್ದ ಪಟ್ಟಿಗಿಂತ ಉಪಯೋಗಕ್ಕೆ ಬರುತ್ತದೆ.

ಹಾಗಾಗಿ 'ಎಕ್ಸ್‌ಪ್ಲೇನ್ ದ ಪ್ರಾಸೆಸ್ ಟು ಮಿ' ಎಂದು ಬರೆಯಿರಿ. ಹೋಟೆಲ್ ವಾಕ್ಯದಲ್ಲಿ 'ಮಿ' ಬೇಕಾಗೇ ಇಲ್ಲ, 'ಸಜೆಸ್ಟ್ ಎ ಗುಡ್ ಹೋಟೆಲ್' ಸಾಕು. ಇದರ ಉಲ್ಟಾ ತಪ್ಪೂ ನಮ್ಮಲ್ಲಿ ಧಾರಾಳವಾಗಿದೆ: 'ಹಿ ಟೋಲ್ಡ್ ಟು ಮಿ'. 'ನನಗೆ' ಅನ್ನುವಲ್ಲಿ 'ಗೆ' ಇದೆಯಲ್ಲ, ಅದಕ್ಕೊಂದು 'ಟು' ಇರಲಿ ಎಂದು ಹಾಕಿಬಿಡುತ್ತೇವೆ. 'ಟೆಲ್' ಪಕ್ಕದಲ್ಲಿ ವ್ಯಕ್ತಿ ನೇರವಾಗಿ ಬರಬೇಕು. 'ಸೇ'ಗೆ ಮಾತ್ರ 'ಟು' ಬೇಕು.

ಎರಡೂ ದಾರಿ ತೆರೆದಿದ್ದಾಗ ಅರ್ಥ ಒಂದೇನಾ? ಹೆಚ್ಚುಕಮ್ಮಿ ಒಂದೇ, ಪೂರ್ತಿ ಅಲ್ಲ. 'ಐ ಸೆಂಟ್ ಎ ಪಾರ್ಸೆಲ್ ಟು ಲಂಡನ್' ಅಂದರೆ ಪಾರ್ಸೆಲ್ ಲಂಡನ್ ಊರಿಗೆ ಹೊರಟಿತು. 'ಐ ಸೆಂಟ್ ಲಂಡನ್ ಎ ಪಾರ್ಸೆಲ್' ಅಂದರೆ ಕೇಳುವವರು ಲಂಡನ್ ಆಫೀಸಿನ ಜನರನ್ನು ನೆನೆಯುತ್ತಾರೆ. ಕ್ರಿಯಾಪದದ ಪಕ್ಕದ ಆ ಸೀಟು ಕೈಚಾಚಿ ಪಡೆಯಬಲ್ಲವರಿಗೆ ಮೀಸಲು. ಊರು ಪಾರ್ಸೆಲನ್ನು ಪಡೆಯಲಾರದು, ಆಫೀಸಿನವರು ಪಡೆಯುತ್ತಾರೆ.

ಇನ್ನು ಯಾವ ದಾರಿ ಯಾವಾಗ ಎಂಬುದು. ಇಲ್ಲಿ ನನಗೆ ತುಂಬಾ ಇಷ್ಟವಾದ ಅಧ್ಯಯನ ಸ್ಟ್ಯಾನ್‌ಫರ್ಡಿನ ಜೋನ್ ಬ್ರೆಸ್ನನ್ ಮತ್ತು ಸಂಗಡಿಗರದು, 2007ರಲ್ಲಿ ಪ್ರಕಟವಾಯಿತು. ಅಮೆರಿಕನ್ನರ ಫೋನ್ ಸಂಭಾಷಣೆಗಳ ದಾಖಲೆಯಿಂದ ಇಂಥ 2,360 ವಾಕ್ಯಗಳನ್ನು ಆರಿಸಿದರು. ಯಾವುದು ಉದ್ದ, ಯಾವುದು ಆಗಲೇ ಮಾತಿಗೆ ಬಂದಿದೆ, ಯಾವುದು ಸರ್ವನಾಮ, ಇಂಥವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತಾಡಿದವರು ಯಾವ ದಾರಿ ಹಿಡಿದರು ಎಂದು ನೂರಕ್ಕೆ 94ರಷ್ಟು ಸರಿಯಾಗಿ ಊಹಿಸಬಹುದು ಎಂದು ಕಂಡುಕೊಂಡರು. ಆಡುವವರು ಯಾರೂ ಕೂತು ಯೋಚಿಸಿ ಆಡಿದ್ದಲ್ಲ. ಗೊತ್ತಿರುವುದು, ಚಿಕ್ಕದು ಮೊದಲು. ಹೊಸದು, ಉದ್ದದ್ದು ಆಮೇಲೆ.

ವ್ಯಾಕರಣದ ಪುಸ್ತಕಗಳು ಖಡಾಖಂಡಿತ ಅನ್ನುವಲ್ಲೂ ಈ ಉದ್ದದ ಲೆಕ್ಕ ಗೆಲ್ಲುತ್ತದೆ. 'ದ ನಾಯ್ಸ್ ಗೇವ್ ಮಿ ಎ ಹೆಡೇಕ್' ಅನ್ನಬೇಕು, 'ಗೇವ್ ಎ ಹೆಡೇಕ್ ಟು ಮಿ' ಅನ್ನಬಾರದು ಎಂಬುದು ಪಾಠ. ತಲೆನೋವನ್ನು ಯಾರೂ ಕೈಯಿಂದ ಕೈಗೆ ದಾಟಿಸುವುದಿಲ್ಲವಲ್ಲ. ಆದರೆ ತಲೆನೋವು ಬಂದವರು ಬರೀ 'ಮಿ' ಅಲ್ಲದೆ 'ಆ ಬೀದಿಯಲ್ಲಿ ಕಿಟಕಿ ತೆರೆದು ಮಲಗುವ ಎಲ್ಲರಿಗೂ' ಆದಾಗ, ಇಂಗ್ಲಿಷರೇ 'ಟು' ಹಾಕಿ ಆ ಉದ್ದ ಸರಕನ್ನು ಕೊನೆಗೆ ತಳ್ಳುತ್ತಾರೆ.

ನಿಮ್ಮ ಮೇಲ್‌ಗೂ ಇದೇ ಲೆಕ್ಕ. 'ಐ ಹ್ಯಾವ್ ಸೆಂಟ್ ದ ಫೈಲ್ಸ್ ಯು ಆಸ್ಕ್ಡ್ ಫಾರ್ ಇನ್ ಲಾಸ್ಟ್ ವೀಕ್ಸ್ ಮೀಟಿಂಗ್ ಟು ಹಿಮ್' ಎಂಬಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಓದುವವರು 'ಹಿಮ್' ತನಕ ಉಸಿರು ಹಿಡಿಯಬೇಕು. 'ಐ ಹ್ಯಾವ್ ಸೆಂಟ್ ಹಿಮ್' ಎಂದು ಶುರು ಮಾಡಿ, ಫೈಲ್‌ಗಳ ಕಥೆ ಹಿಂದೆ ಬರಲಿ.

ಎರಡೂ ಸರ್ವನಾಮವಾದರೆ 'ಗಿವ್ ಇಟ್ ಟು ಮಿ' ಎಲ್ಲ ಕಡೆಯೂ ನಡೆಯುತ್ತದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ 'ಗಿವ್ ಇಟ್ ಮಿ' ಎಂದೂ ಕೇಳಬಹುದು. ಅಮೆರಿಕನ್ನರ ಕಿವಿಗೆ ಅದು ವಿಚಿತ್ರ. ಮ್ಯಾಂಚೆಸ್ಟರ್ ಕ್ಲೈಂಟ್ ಹಾಗಂದರೆ ತಿದ್ದಲು ಹೋಗಬೇಡಿ.

'ಫಾರ್ವರ್ಡ್ ಮಿ ದ ಮೇಲ್', 'ವಾಟ್ಸಾಪ್ ಮಿ ದ ಲೊಕೇಶನ್' ಸರೀನಾ ಎಂದೂ ಕೇಳುತ್ತಾರೆ. ಸರಿ. ಟೆಕ್ಸ್ಟ್, ಫ್ಯಾಕ್ಸ್, ಇಮೇಲ್ ಎಲ್ಲವೂ ಬಂದ ಹೊಸದರಲ್ಲೇ ಹೀಗೆ ಒಳಗೆ ಬಂದವು, ಏಕೆಂದರೆ ಅವು ಏನನ್ನೋ ತಲುಪಿಸುವ ಸಾಧನದ ಹೆಸರುಗಳು. ಪಿಸುಗುಟ್ಟುವುದು, ಕಿರುಚುವುದು ದನಿಯ ಬಗೆ. ಅದಕ್ಕೇ 'ಟೆಕ್ಸ್ಟ್ ಮಿ ದ ನಂಬರ್' ನಡೆಯುತ್ತದೆ, 'ವಿಸ್ಪರ್ ಮಿ ದ ನಂಬರ್' ಕಿವಿಗೆ ಒಗ್ಗುವುದಿಲ್ಲ.