ನಮ್ಮ ‘ಇಂದ’, ಅವರ ‘ಫ್ರಮ್’

ಕಳೆದ ವಾರ ಒಂದೇ ದಿನ ಮೂರು ಅರ್ಜಿ ತಿದ್ದಿದೆ. ಒಂದು ಭದ್ರಾವತಿಯ ಹುಡುಗಿಯ ಕೆಲಸದ ಅರ್ಜಿ. ಇನ್ನೊಂದು ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ವಿಮೆ ಕಂಪನಿಗೆ ಬರೆದದ್ದು. ಮತ್ತೊಂದು ಬ್ಯಾಂಕ್ ಸಾಲದ್ದು. ಮೂರರಲ್ಲೂ ಒಂದೇ ತಪ್ಪು: ‘ಫ್ರಮ್ ಫೈವ್ ಇಯರ್ಸ್’, ‘ಫ್ರಮ್ ಟೆನ್ ಇಯರ್ಸ್’, ‘ಫ್ರಮ್ ಮೆನಿ ಇಯರ್ಸ್’. ಶಿವಮೊಗ್ಗದಲ್ಲಿ ಇಂಗ್ಲಿಷ್ ಪತ್ರ ತಿದ್ದಿಕೊಡುವ ಕೆಲಸಕ್ಕೆ ಕೂತು ಇಪ್ಪತ್ತು ವರ್ಷ ದಾಟಿತು. ನಾನು ಅತಿ ಹೆಚ್ಚು ಸಲ ಹೊಡೆದು ಹಾಕಿದ ಪದ ಯಾವುದು ಅಂದರೆ ಈ ‘ಫ್ರಮ್’.

ಪ್ರಿಪೊಸಿಷನ್ ಅಂದರೆ ‘ಫ್ರಮ್’, ‘ಫಾರ್’, ‘ಬೈ’ ಥರ ನಾಮಪದಕ್ಕಿಂತ ಮೊದಲು ಬರುವ ಸಣ್ಣ ಪದ. ತೊಂದರೆ ಇರುವುದು ನಮ್ಮ ಕನ್ನಡದ ‘ಇಂದ’ವನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಕೂರಿಸುವುದರಲ್ಲಿ.

ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆ ಅಲ್ವಾ? ಅದರಲ್ಲಿ ‘ದೆಸೆಯಿಂದ’ ಪುಸ್ತಕದಲ್ಲೇ ಉಳಿಯಿತು. ಮಾತಿನಲ್ಲಿ ಅದರ ಕೆಲಸವನ್ನೂ ‘ಇಂದ’ವೇ ಮಾಡುತ್ತದೆ. ಎಷ್ಟು ಕೆಲಸ ಮಾಡುತ್ತದೆ ನೋಡಿ. ಸೊರಬದಿಂದ ಬಂದೆ ಅನ್ನುತ್ತೇವೆ. ಅದು ‘ಫ್ರಮ್’, ಸರಿ. ದೋಟಿ ಅನ್ನುವ ಉದ್ದ ಕೋಲಿನಿಂದ ಅಡಿಕೆ ಗೊನೆ ಇಳಿಸಿದರೆ ಅದು ‘ವಿತ್’. ಪಂಚಾಯ್ತಿಯಿಂದ ಕೊಟ್ಟ ಸರ್ಟಿಫಿಕೇಟ್ ಅಂದರೆ ‘ಬೈ’. ಗಾಳಿಮಳೆಯಿಂದ ಮರ ಬಿದ್ದರೆ ‘ಬಿಕಾಸ್ ಆಫ್’ ಅಥವಾ ‘ಡ್ಯೂ ಟು’. ಹಲಸಿನ ಮರದಿಂದ ಮಾಡಿದ ಬಾಗಿಲು ಅಂದರೆ ‘ಆಫ್’. ಹತ್ತು ವರ್ಷದಿಂದ ಅಂದರೆ ‘ಫಾರ್’. 2015ರಿಂದ ಅಂದರೆ ‘ಸಿನ್ಸ್’. ನಮಗೆ ಒಂದೇ ಪ್ರತ್ಯಯ, ಅವರಿಗೆ ಬೇರೆ ಬೇರೆ ಪದ.

ಇದು ಕನ್ನಡದ ಬಡತನ ಅಲ್ಲ, ಇಂಗ್ಲಿಷಿನ ದೊಡ್ಡಸ್ತಿಕೆಯೂ ಅಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲೂ ನಮ್ಮ ಹಾಗೆ ನಾಮಪದದ ಕೊನೆಗೆ ವಿಭಕ್ತಿ ಅಂಟಿಕೊಳ್ಳುತ್ತಿತ್ತು. ಅವು ಕ್ರಮೇಣ ಸವೆದು ಹೋದವು. ‘ರಾಮಾಸ್ ಬುಕ್’ ಅನ್ನುವಾಗ ‘ರಾಮ’ನ ಕೊನೆಗೆ ಬರುವ ಸಕಾರ ಅದರದೇ ಪಳೆಯುಳಿಕೆ. ವಿಭಕ್ತಿ ಹೋದ ಮೇಲೆ ಆ ಕೆಲಸವೆಲ್ಲ ನಾಮಪದಕ್ಕಿಂತ ಮೊದಲು ನಿಲ್ಲುವ ಈ ಸಣ್ಣ ಪದಗಳ ಹೆಗಲಿಗೆ ಬಿತ್ತು. ಹಾಗಾಗಿ ಅವನ್ನು ಸಸಾರ ಮಾಡುವ ಹಾಗಿಲ್ಲ.

ಈಗ ‘ಫಾರ್’ ಮತ್ತು ‘ಸಿನ್ಸ್’ಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ‘ಎಷ್ಟು ಕಾಲ’ ಅಂತ ಕೇಳಿದರೆ ಬರುವ ಉತ್ತರಕ್ಕೆ ‘ಫಾರ್’. ‘ಯಾವತ್ತು ಶುರು’ ಅಂತ ಕೇಳಿದರೆ ಬರುವ ಉತ್ತರಕ್ಕೆ ‘ಸಿನ್ಸ್’. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಆ 60 ಕಿಲೋಮೀಟರ್ ಒಂದು ಅಳತೆ. ಬಸ್ ಹೊರಟ ಶಿವಮೊಗ್ಗ ಒಂದು ಜಾಗ. ಕಾಲಕ್ಕೂ ಹಾಗೆಯೇ. ಮೂರು ದಿನದಿಂದ ಜ್ವರ ಅಂದಾಗ ಮೂರು ದಿನ ಅನ್ನುವುದು ಅಳತೆ, ‘ಫಾರ್ ತ್ರೀ ಡೇಸ್’. ಸೋಮವಾರದಿಂದ ಜ್ವರ ಅಂದಾಗ ಸೋಮವಾರ ಅನ್ನುವುದು ಹೊರಟ ಜಾಗ, ‘ಸಿನ್ಸ್ ಮಂಡೇ’. ತುಂಬಾ ದಿನದಿಂದ ಅಂದರೆ ಮತ್ತೆ ಅಳತೆ. ಮದುವೆಯಾದಾಗಿನಿಂದ ಅಂದರೆ ಹೊರಟ ಜಾಗ. ‘ಫ್ರಮ್’ ತಪ್ಪು ಅಂತ ಹೇಳಿದ ಮಾರನೇ ದಿನವೇ ಕೆಲವರು ‘ಸಿನ್ಸ್ ಟೆನ್ ಇಯರ್ಸ್’ ಅಂತ ಬರೆದು ತರುತ್ತಾರೆ. ಅದೂ ತಪ್ಪೇ. ಹತ್ತು ವರ್ಷ ಅನ್ನುವುದು ಅಳತೆ ತಾನೇ? ಇದನ್ನು ಒಬ್ಬರಿಗೇ ನಾಲ್ಕು ನಾಲ್ಕು ಸಲ ಹೇಳಿದ್ದಿದೆ. ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಐದನೇ ಸಲ ತಾವೇ ಪೆನ್ನು ತಗೊಂಡು ‘ಅಳತೆ, ಅಳತೆ’ ಅಂತ ಗೊಣಗುತ್ತಾ ತಿದ್ದಿಕೊಳ್ಳುವುದನ್ನು ನೋಡಿದಾಗ ಎಲ್ಲ ಮರೆತು ಹೋಗುತ್ತದೆ.

‘ಅರ್ಥ ಆಗುತ್ತಲ್ಲ ಸಾರ್, ಸಾಕಲ್ವಾ’ ಅಂತ ಕೇಳುವವರಿದ್ದಾರೆ. ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಬರೆಯುವಾಗ ಖಂಡಿತ ಸಾಕು. ನಮ್ಮ ದೇಶದ ತುಂಬಾ ಜನ ಹೀಗೇ ಮಾತಾಡುತ್ತಾರೆ, ಯಾರಿಗೂ ತೊಂದರೆ ಇಲ್ಲ. ಆದರೆ ಗುರುತಿಲ್ಲದವರು ಓದುವ ಕಾಗದದಲ್ಲಿ ಅರ್ಥವೇ ತಿರುಗಿ ಬೀಳಬಹುದು. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ನವೆಂಬರಿನಲ್ಲಿ ಕಳಿಸಿದ ಅರ್ಜಿಯಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಫ್ರಮ್ ಜೂನ್’ ಅಂತ ಬರೆದಿದ್ದ. ಅವನ ಮನಸ್ಸಿನಲ್ಲಿ ಇದ್ದದ್ದು ‘ಜೂನ್‌ನಿಂದ ಮಾಡುತ್ತಿದ್ದೇನೆ’ ಅಂತ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ಅದು ‘ಬರುವ ಜೂನ್‌ನಿಂದ ಮಾಡಲಿದ್ದೇನೆ’ ಅಂತ ಕೇಳಿಸುತ್ತದೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ‘ನೀವಿನ್ನೂ ಅಲ್ಲಿ ಸೇರಿಲ್ಲವಾ?’ ಹುಡುಗ ತಬ್ಬಿಬ್ಬಾದ. ಐದು ತಿಂಗಳ ಅನುಭವ ಅವನ ಕೈಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ.

ಹಾಗಂತ ಕಂಡ ಕಂಡ ‘ಫ್ರಮ್’ ಎಲ್ಲ ಹೊಡೆಯಬೇಡಿ. ‘ಹತ್ತರಿಂದ ಐದರ ತನಕ’ ಅನ್ನುವಲ್ಲಿ ಅದು ಬೇಕೇ ಬೇಕು. ನೋಟಿಸುಗಳಲ್ಲಿ ‘ವಿಥಿನ್ 30 ಡೇಸ್ ಫ್ರಮ್ ದ ಡೇಟ್ ಆಫ್ ರಿಸೀಟ್’ ಅಂತ ಇರುತ್ತದಲ್ಲ, ಅಲ್ಲೂ ಅದು ಸರಿ. ಕರಾರು, ನೋಟಿಸು ಇಂಥ ಕಾನೂನಿನ ಕಾಗದದಲ್ಲಿ ಒಂದು ಪದ ಮುಟ್ಟುವ ಮೊದಲೂ ವಕೀಲರನ್ನು ಕೇಳಿ. ನಾನು ಭಾಷೆ ಮಾತ್ರ ನೋಡುವವನು.

ಆಫೀಸ್ ಪತ್ರಗಳಲ್ಲಿ ಬರುವ ‘ವಿತ್ ರೆಫರೆನ್ಸ್ ಟು’, ‘ಆನ್ ಬಿಹಾಫ್ ಆಫ್’, ‘ಇನ್ ಕನೆಕ್ಷನ್ ವಿತ್’ ಇವನ್ನು ಇಡಿಯಾಗಿ ಒಂದೇ ಪದದ ಹಾಗೆ ಕಲಿಯುವುದು ಒಳ್ಳೆಯದು, ಬಿಡಿಸಿ ಅರ್ಥ ಹುಡುಕಿದರೆ ಸುಮ್ನೆ ಗೊಂದಲ. ‘ವಿತ್ ರಿಗಾರ್ಡ್ ಟು’ ಬರೆಯುವಾಗ ಕೊನೆಗೆ ‘ರಿಗಾರ್ಡ್ಸ್’ ಅಂತ ಮಾಡಬೇಡಿ. ಅದರ ಜಾಗ ಪತ್ರದ ಕೊನೆಯಲ್ಲಿ, ಸಹಿಯ ಮೇಲೆ. ಹಾಗೆಯೇ ‘ಫಾರ್ ದ ಪರ್ಪಸ್ ಆಫ್’ ಅಂತ ಉದ್ದ ಎಳೆಯುವ ಕಡೆ ಹೆಚ್ಚಿನ ಸಲ ಬರೀ ‘ಟು’ ಅಥವಾ ‘ಫಾರ್’ ಸಾಕು. ‘ಡಿಸ್ಕಸ್’ ಪಕ್ಕ ‘ಅಬೌಟ್’ ಬೇಡ. ನಮ್ಮ ‘ಬಗ್ಗೆ’ ಅಲ್ಲಿ ನುಸುಳಿ ಬಂದಿರುತ್ತದೆ. ಇನ್ನು ವಾರದ ಕೊನೆಗೆ ‘ಅಟ್’ ಹಾಕಬೇಕೋ ‘ಆನ್’ ಹಾಕಬೇಕೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬ್ರಿಟನ್ನಿನವರದ್ದು ಒಂದು, ಅಮೆರಿಕದವರದ್ದು ಇನ್ನೊಂದು.

ಕಳೆದ ಮಳೆಗಾಲದಲ್ಲಿ ಬಂದ ಒಂದು ಪತ್ರದ ವಿಷಯ ಹೇಳಲೇಬೇಕು. ಹೊಸನಗರದ ಕಡೆಯಿಂದ ಅಪ್ಪ, ಮಗ ಇಬ್ಬರೂ ಬಂದಿದ್ದರು. ಛತ್ರಿ ಮಡಚಿ ಬಾಗಿಲ ಹೊರಗೆ ಇಟ್ಟರು. ಪತ್ರ ಮಾತ್ರ ಒಂದು ಹನಿ ತಾಗದ ಹಾಗೆ ಎರಡು ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಅವರದು ಶರಾವತಿ ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದದ್ದು 1964ರಲ್ಲಿ. ಆ ವರ್ಷ ಅಜ್ಜನ ಕಾಲದಲ್ಲಿ ಎದ್ದು ಬಂದು ಈಗಿನ ಜಾಗದಲ್ಲಿ ಕೂತವರು. ಹಕ್ಕುಪತ್ರ ಇನ್ನೂ ಇಲ್ಲ. ಅರಣ್ಯ ಅಂತ ದಾಖಲೆಯಲ್ಲಿರುವ ಜಾಗಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಾಗುತ್ತದೆ. ಅದಕ್ಕೆ ದೆಹಲಿಗೆ ಇಂಗ್ಲಿಷಿನಲ್ಲಿ ಒಂದು ಮನವಿ.

ಮಗನೇ ಬರೆದಿದ್ದ. ಜಾಣ ಹುಡುಗ. ‘ಫ್ರಮ್’ ತಪ್ಪು ಅಂತ ಗೊತ್ತಿತ್ತು. ‘ವಿ ಲಿವ್ಡ್ ಹಿಯರ್ ಫಾರ್ 60 ಇಯರ್ಸ್’ ಅಂತ ಹಾಕಿದ್ದ. ‘ಫಾರ್ 60 ಇಯರ್ಸ್’ ಅನ್ನುವ ಪ್ರಿಪೊಸಿಷನಲ್ ಫ್ರೇಸ್ ಸರಿಯಾಗೇ ಇತ್ತು. ಆದರೆ ಅದರ ಜೊತೆಗೆ ಬಂದ ಕ್ರಿಯಾಪದ? ‘ಲಿವ್ಡ್’ ಅಂದರೆ 60 ವರ್ಷ ಇದ್ದೆವು, ಈಗ ಇಲ್ಲ ಅಂತಾಯಿತು. ‘ಇದ್ದೆವು’ ಮತ್ತು ‘ಇದ್ದೇವೆ’. ಕನ್ನಡದಲ್ಲಿ ಇವೆರಡನ್ನು ಯಾರಾದರೂ ಅದಲು ಬದಲು ಮಾಡುತ್ತಾರಾ? ‘ಫಾರ್’, ‘ಸಿನ್ಸ್’ ಬಳಸಿ ಇವತ್ತಿಗೂ ಮುಂದುವರಿದದ್ದನ್ನು ಹೇಳಬೇಕಾದರೆ ‘ಹ್ಯಾವ್ ಲಿವ್ಡ್’ ಅಥವಾ ‘ಹ್ಯಾವ್ ಬೀನ್ ಲಿವಿಂಗ್’ ಬೇಕು. ಆ ‘ಹ್ಯಾವ್’ ಇಲ್ಲದಿದ್ದರೆ ಮನೆ ಖಾಲಿ ಮಾಡಿ ಹೋದ ಹಾಗೆ.

ನಾನು ಇದನ್ನು ಬಿಡಿಸಿ ಹೇಳಿದಾಗ ಅಪ್ಪನ ಮುಖ ಕಪ್ಪಿಟ್ಟಿತು. ‘ನಾವು ಅಲ್ಲೇ ಇದೀವಲ್ಲ ಮಾರಾಯ್ರೆ’ ಅಂದರು. ಮಗ ತಲೆ ತಗ್ಗಿಸಿದ. ಅವನ ತಪ್ಪು ಏನೂ ಇಲ್ಲ, ಇದು ಎಂಥವರಿಗೂ ಆಗುತ್ತದೆ ಅಂತ ಹೇಳಿದೆ. ‘ವಿ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಸಿನ್ಸ್ 1964’ ಅಂತ ತಿದ್ದಿದೆವು. 60 ವರ್ಷ ಅನ್ನುವ ಅಳತೆಗಿಂತ ಇಸವಿಯೇ ಗಟ್ಟಿ ಅನಿಸಿತು. ಇಸವಿ ಇದ್ದರೆ ಓದುವವರು ದಾಖಲೆ ತೆಗೆದು ನೋಡಬಹುದು.

ಹೊಸ ಪ್ರತಿ ಪ್ರಿಂಟ್ ಆಗಿ ಬಂತು. ಅಪ್ಪ ಅದನ್ನು ಕೈಗೆ ತಗೊಂಡು, ‘ಈ ಸಾಲು ಕನ್ನಡದಲ್ಲಿ ಹೇಳಿ’ ಅಂದರು. ‘ನಾವು 1964ರಿಂದ ಇಲ್ಲೇ ವಾಸವಾಗಿದ್ದೇವೆ’ ಅಂದೆ. ‘ಇದ್ದೇವೆ ಅಂತ ಬಂತಲ್ಲ?’ ಅಂತ ಇನ್ನೊಂದು ಸಲ ಕೇಳಿದರು. ಬಂತು ಅಂದೆ. ಆಮೇಲೆ ಪೆನ್ನು ತಗೊಂಡು, ಇಂಗ್ಲಿಷ್ ಪತ್ರದ ಕೆಳಗೆ ಕನ್ನಡದಲ್ಲಿ ನಿಧಾನವಾಗಿ ಸಹಿ ಹಾಕಿದರು.