ಕೊಂಬೆಯ ಮೇಲೆ ಕೂತ ಹಿಮ

‘ಮಳೆ ನಿಂತರೂ ಮರದ ಹನಿ ನಿಲ್ಲದು’ ಅಂತ ನಮ್ಮಲ್ಲಿ ಗಾದೆ ಇದೆ. ಹಿಮ ಬೀಳುವ ಕಾಡಿನಲ್ಲಿ ಇದು ಅಷ್ಟಾಗಿ ನಡೆಯದು. ಅಲ್ಲಿ ಕೊಂಬೆಯ ಮೇಲೆ ಕೂತ ಹಿಮದ ಒಂದು ಪಾಲು ನೆಲಕ್ಕೆ ಬೀಳುವುದೇ ಇಲ್ಲ. ಬಿಸಿಲು, ಒಣಗಾಳಿಗೆ ಸಿಕ್ಕಿ, ನೀರೂ ಆಗದೆ ನೇರ ಆವಿಯಾಗುತ್ತದೆ. ಬಿಚ್ಚಿಟ್ಟ ಕರ್ಪೂರ ಸವೆಯುತ್ತದಲ್ಲ, ಹಾಗೆ.

ಹಾಗಾದರೆ ಮರ ಕಡಿದರೆ ಹಳ್ಳಕ್ಕೆ ನೀರು ಜಾಸ್ತಿ ಬರಬೇಕು, ಅಲ್ವಾ? ಅಮೆರಿಕದ ಕೊಲೊರಾಡೊದಲ್ಲಿ ಇದನ್ನು ಕಡಿದೇ ನೋಡಿದರು. ಅಲ್ಲಿನ ಫ್ರೇಜರ್ ಪ್ರಾಯೋಗಿಕ ಅರಣ್ಯದಲ್ಲಿ ಫೂಲ್ ಕ್ರೀಕ್ ಅಂತ ಒಂದು ಹಳ್ಳವಿದೆ. ಹೆಸರೇನೋ ‘ಪೆದ್ದ ಹಳ್ಳ’, ಪಾಠ ಹೇಳಿದ್ದು ಮಾತ್ರ ಅದೇ. ಅದಕ್ಕೆ ನೀರು ಹರಿದು ಬರುವ ಪ್ರದೇಶ ಸುಮಾರು 289 ಹೆಕ್ಟೇರ್. ಮೊದಲು ಹತ್ತಕ್ಕೂ ಹೆಚ್ಚು ವರ್ಷ ಸುಮ್ನೆ ಹರಿವನ್ನು ಅಳೆದರು. 1954ರಿಂದ 1956ರೊಳಗೆ ಶೇ 40ರಷ್ಟು ಜಾಗದ ಮರಗಳನ್ನು ಪಟ್ಟಿ ಪಟ್ಟಿಯಾಗಿ ಕಡಿದರು. ಈಸ್ಟ್ ಸೇಂಟ್ ಲೂಯಿಸ್ ಎಂಬ ಇನ್ನೊಂದು ಹಳ್ಳದ ಕಾಡನ್ನು ಹೋಲಿಕೆಗೆಂದು ಮುಟ್ಟದೆ ಬಿಟ್ಟರು. ಒಳ್ಳೆಯ ಹಿಮದ ವರ್ಷ ಬಂದರೆ ಎರಡೂ ಹಳ್ಳ ಏರುತ್ತವೆ. ಆಗ ಕೊಡಲಿಯ ಲೆಕ್ಕ ಬೇರೆ, ಆಕಾಶದ ಲೆಕ್ಕ ಬೇರೆ ಮಾಡಬಹುದು.

28 ವರ್ಷಗಳ ಸರಾಸರಿಯಲ್ಲಿ ಹರಿವು ಶೇ 40ರಷ್ಟು ಹೆಚ್ಚಿತ್ತು. ನೆಲದ ಮೇಲಿನ ಹಿಮ ಹೆಚ್ಚಿದ್ದು ಸುಮಾರು ಶೇ 9 ಮಾತ್ರ. ಮಿಕ್ಕ ನೀರು ಎಲ್ಲಿಂದ ಬಂತು?

ಮಣ್ಣಿನಿಂದ. ಬೇಸಿಗೆಯಿಡೀ ಮರದ ಬೇರುಗಳು ನೆಲದ ತೇವ ಹೀರುತ್ತವೆ. ಮರುವರ್ಷ ಕರಗಿದ ಹಿಮವನ್ನು ಮೊದಲು ಆ ಒಣಮಣ್ಣೇ ಕುಡಿಯುತ್ತದೆ, ಹೊಸ ಮಡಕೆ ನೀರು ಕುಡಿದ ಹಾಗೆ. ಕಡಿದ ಪಟ್ಟಿಗಳಲ್ಲಿ ಮಣ್ಣು ತೇವ ಉಳಿಸಿಕೊಂಡೇ ಚಳಿಗಾಲಕ್ಕೆ ಹೋಗುತ್ತದೆ. ಅದರ ಬಾಯಾರಿಕೆ ಕಡಿಮೆ. ಕರಗಿದ್ದು ಬೇಗ ಹಳ್ಳ ಸೇರುತ್ತದೆ.

ಪಟ್ಟಿಯ ಅಗಲವೂ ಮುಖ್ಯ. ಬಯಲು ಅತಿಯಾದರೆ ಗಾಳಿಯೇ ಹಿಮವನ್ನು ಗುಡಿಸಿಕೊಂಡು ಹೋಗುತ್ತದೆ.

ಇಷ್ಟು ಓದಿ ಕೊಡಲಿ ಹುಡುಕಬೇಡಿ. ಹೆಚ್ಚಿದ ನೀರಿನಲ್ಲಿ ಬಹುಪಾಲು ಬಂದದ್ದು ಮೇ ತಿಂಗಳಲ್ಲಿ, ಹಳ್ಳ ಹೇಗೂ ಉಕ್ಕುವ ಹೊತ್ತಿನಲ್ಲಿ. ತೆರೆದ ಜಾಗದ ಹಿಮಕ್ಕೆ ಬಿಸಿಲು ನೇರ ಬೀಳುವುದರಿಂದ ಅದು ಬೇಗ ಕರಗುತ್ತದೆ. ಬೇಸಿಗೆಯ ಕೊನೆಗೆ, ನೀರಿಗೆ ಬಾಯಿ ಬಿಡುವಾಗ, ಹೆಚ್ಚೇನೂ ಸಿಗುವುದಿಲ್ಲ. ಫ್ರೇಜರ್ ಕಣಿವೆಯ ನೀರನ್ನು ಮೊಫಾಟ್ ಸುರಂಗದಿಂದ ತರಿಸಿಕೊಳ್ಳುವ ಡೆನ್ವರ್ ನಗರಕ್ಕೆ ಜಲಾಶಯಗಳಿವೆ, ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲದವರ ಪಾಲಿಗೆ ಅದು ಹರಿದು ಹೋದ ನೀರು.

ಆ ಪಟ್ಟಿಗಳಲ್ಲಿ ಮತ್ತೆ ಮರ ಎದ್ದಿವೆ. ಅಷ್ಟು ಎತ್ತರದ ಚಳಿಯಲ್ಲಿ ಅವು ಬೆಳೆಯುವುದು ಬಲು ನಿಧಾನ. ಹಳ್ಳ ಹಳೆಯ ಹರಿವಿಗೆ ಮರಳಲು ಸುಮಾರು 80 ವರ್ಷ ಬೇಕೆಂದು ಅಂದಾಜು. 1956ಕ್ಕೆ ಕೂಡಿಸಿ ನೋಡಿ.